ಫೋರ್ಟಿನ ಫುಡ್ ವಾಕ್ ಮಧ್ಯಾಹ್ನ ಒಂದು ಗಂಟೆಗೆ ಬೇಡ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಮುಂಬಯಿಯ ಫೋರ್ಟ್ ಭಾಗದಲ್ಲಿ ಈಗ ನಡೆಯುತ್ತಿರುವ ಫುಡ್ ವಾಕ್‌ಗಳ, ಅಂದರೆ ಟಿಕೆಟ್ ಕೊಂಡವರನ್ನು ಬೀದಿ ಸುತ್ತಿಸಿ ಅಲ್ಲಲ್ಲಿ ತಿಂಡಿ ಊಟದ ರುಚಿ ತೋರಿಸುವ ನಡಿಗೆಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆ. ಚೆನ್ನಾಗಿತ್ತು. ಅದರ ಬಗ್ಗೆ ನನಗೆ ಹೇಳುವುದು ಸ್ವಲ್ಪ ಜಾಸ್ತಿ ಇದೆ, ಆದಷ್ಟು ಕತ್ತರಿಸದೆ ಹಾಕಿ ಎಂದು ಕೇಳಿಕೊಳ್ಳುತ್ತೇನೆ.

ನಾನು ಕಾರ್ಕಳ ಕಡೆಯವನು. ಸಣ್ಣ ಹುಡುಗನಾಗಿದ್ದಾಗ ಮುಂಬಯಿಗೆ ಬಂದೆ. ಫೋರ್ಟಿನ ಒಂದು ಲಂಚ್ ಹೋಮಿನಲ್ಲಿ ಲೋಟ ತೊಳೆಯಲು ಸೇರಿದವನು ಆಮೇಲೆ ಸಪ್ಲೈಯರ್ ಆದೆ, ಕೊನೆಗೆ ಗಲ್ಲೆಯ ಮೇಲೆ ಕೂತೆ. ಈಗ ಕೆಲಸ ಬಿಟ್ಟು ಡೊಂಬಿವಲಿಯಲ್ಲಿದ್ದೇನೆ.

ಫುಡ್ ವಾಕ್ ಮಾಡಿಸುವವರಲ್ಲಿ ನನ್ನ ಬೇಡಿಕೆ ಇಷ್ಟೇ. ಮಧ್ಯಾಹ್ನ ಒಂದು ಗಂಟೆಗೆ ನಮ್ಮ ಊಟದ ಹೋಟೆಲುಗಳಿಗೆ ಗುಂಪು ಕಟ್ಟಿಕೊಂಡು ಬರಬೇಡಿ. ಎರಡೂಮುಕ್ಕಾಲಿಗೆ ಬನ್ನಿ. ಬಂದಾಗ ಅಲ್ಲಿನ ಊಟದ ಕಥೆಯನ್ನು ಅಲ್ಲಿ ಕೆಲಸ ಮಾಡುವವರ ಬಾಯಿಂದಲೇ ಕೇಳಿ.

ಪುಣೆಯಲ್ಲಿರುವ ನನ್ನ ತಂಗಿಯ ಮಗಳು ಬಂದಾಗ, "ಮಾಮ, ನೀವು ಕೆಲಸ ಮಾಡಿದ ಜಾಗ ಅಲ್ವಾ, ಹೋಗೋಣ ಬನ್ನಿ" ಎಂದು ನನ್ನ ಹೆಸರಿಗೂ ಟಿಕೆಟ್ ತೆಗೆದಳು. ನಡೆಸಿಕೊಂಡು ಹೋದವಳು ಇಪ್ಪತ್ತೈದರ ಆಸುಪಾಸಿನ ಹುಡುಗಿ. ಓದಿಕೊಂಡು ಬಂದಿದ್ದಳು, ಕೇಳಿದ್ದಕ್ಕೆಲ್ಲ ಉತ್ತರ ಇತ್ತು. ಹಾರ್ನಿಮನ್ ಸರ್ಕಲ್ಲಿನ ಮರದ ಕೆಳಗೆ ನಿಲ್ಲಿಸಿ ಬೆಂಜಮಿನ್ ಹಾರ್ನಿಮನ್ ಯಾರು ಎಂದು ಹೇಳಿದಳು. ಬಾಂಬೆ ಕ್ರಾನಿಕಲ್ ಪತ್ರಿಕೆಯ ಸಂಪಾದಕ, ಜಲಿಯನ್‌ವಾಲಾ ಬಾಗ್ ವಿಷಯ ಹೊರಗೆ ತಂದದ್ದಕ್ಕೆ 1919ರಲ್ಲಿ ಬ್ರಿಟಿಷ್ ಸರಕಾರ ಅವರನ್ನು ದೇಶದಿಂದಲೇ ಹೊರಗೆ ಹಾಕಿತು. ಅಷ್ಟು ವರ್ಷ ಆ ಸರ್ಕಲ್ ದಾಟಿ ಕೆಲಸಕ್ಕೆ ಹೋದ ನನಗೆ ಅದನ್ನು ಕೇಳಿ ಸಂತೋಷವಾಯಿತು.

ಬಲ್ಲಾರ್ಡ್ ಎಸ್ಟೇಟ್ ಬಗ್ಗೆಯೂ ಚೆನ್ನಾಗಿ ಹೇಳಿದಳು. ಅದು ಸಮುದ್ರವನ್ನು ತುಂಬಿ ಮಾಡಿದ ನೆಲ. 1914ರಲ್ಲಿ ತೆರೆದ ಅಲೆಕ್ಸಾಂಡ್ರಾ ಡಾಕ್, ಈಗಿನ ಇಂದಿರಾ ಡಾಕ್, ಅದಕ್ಕಾಗಿ ಅಗೆದ ಮಣ್ಣನ್ನೇ ಅಲ್ಲಿ ಸುರಿದರು. ಆ ಸಾಲು ಕಟ್ಟಡಗಳನ್ನು ರೂಪಿಸಿದ್ದು ಜಾರ್ಜ್ ವಿಟ್ಟೆಟ್, ಗೇಟ್‌ವೇ ಆಫ್ ಇಂಡಿಯಾ ಕಟ್ಟಿದವರೇ. 1923ರಿಂದ ಇರುವ ಬ್ರಿಟಾನಿಯಾ ಹೋಟೆಲಿನ ಬೆರ್ರಿ ಪುಲಾವ್ ತಿನ್ನಿಸಿದಳು. ಅದಕ್ಕೂ ಮೊದಲು ಇರಾನಿ ಚಹಾ, ಬೆಣ್ಣೆ ಸವರಿದ ಗಟ್ಟಿ ಪಾವ್ ಬ್ರುನ್ ಮಸ್ಕಾ. ಪಾರ್ಸಿಗಳು, ಇರಾನಿಗಳು, ಅವರ ಅಜ್ಜಂದಿರು ಯಾವ ಊರಿನಿಂದ ಬಂದರು, ಮೂಲೆ ಅಂಗಡಿಗಳು ಅವರಿಗೆ ಹೇಗೆ ಸಿಕ್ಕಿದವು, ಎಲ್ಲ ವಿವರವಾಗಿ.

ಮಧ್ಯಾಹ್ನದ ಒಂದು ಗಂಟೆ ದಾಟಿತ್ತು. ಆಗ ನಮ್ಮನ್ನು ಒಂದು ಮಂಗಳೂರು ಲಂಚ್ ಹೋಮಿಗೆ ಕರೆತಂದಳು. ಹೆಸರು ಬೇಡ. ನಾನು ಕೆಲಸ ಮಾಡಿದ ಹೋಟೆಲ್ ಅಲ್ಲ, ಆದರೆ ಅದೇ ರೀತಿಯದು. ಕೆಳಗೆ ಆರು ಟೇಬಲ್, ಏಣಿಯಂಥ ಮೆಟ್ಟಿಲು ಹತ್ತಿದರೆ ಮಾಳಿಗೆಯಲ್ಲಿ ಇನ್ನೂ ನಾಲ್ಕು. ಹೊರಗೆ ಜನ ಕ್ಯೂ ನಿಂತಿದ್ದರು. ಕೊರಳಲ್ಲಿ ಬ್ಯಾಂಕಿನ ಐಡಿ ಕಾರ್ಡ್, ಕೈಯಲ್ಲಿ ಛತ್ರಿ. ನಾವು ಹದಿನೈದು ಜನಕ್ಕೆ ಮೊದಲೇ ಹೇಳಿ ಇಡಿಸಿದ್ದರಿಂದ ಕೆಳಗಿನ ನಾಲ್ಕು ಟೇಬಲ್ ನಮಗೆ. ಕ್ಯೂ ದಾಟಿ ಒಳಗೆ ಹೋದೆವು. ಎರಡು ಸುರ್ಮೈ (ನಮ್ಮ ಅಂಜಲ್ ಮೀನು) ಫ್ರೈ, ಒಂದು ಗಸಿ, ಒಂದಿಷ್ಟು ನೀರು ದೋಸೆ. ಹದಿನೈದು ಜನ ಹಂಚಿಕೊಂಡು ರುಚಿ ನೋಡಿದರು, ಫೋಟೋ ತೆಗೆದರು, ಮುಕ್ಕಾಲು ಗಂಟೆ ಕೂತರು. ಹುಡುಗಿ ಈ ಸಲ ಹೇಳಿದ್ದು ಎರಡೇ ಮಾತು. ಇದು ಕರಾವಳಿಯ ಊಟ, ತೆಂಗಿನಕಾಯಿ ಜಾಸ್ತಿ ಹಾಕುತ್ತಾರೆ.

ನಾನು ಕ್ಯೂ ನೋಡುತ್ತಾ ಕೂತಿದ್ದೆ. ಖಾಕಿ ಅಂಗಿಯ ಅಂಚೆಯವರೊಬ್ಬರು ಎರಡು ಸಲ ಒಳಗೆ ಇಣುಕಿದರು. ಆಮೇಲೆ ಗಡಿಯಾರ ನೋಡಿ, ಊಟ ಮಾಡದೆ ಹೊರಟುಹೋದರು. ನನಗೆ ತುತ್ತು ಇಳಿಯಲಿಲ್ಲ.

ಹೋಟೆಲಿನ ಲೆಕ್ಕ ಗೊತ್ತಿಲ್ಲದವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಫೋರ್ಟಿನ ಲಂಚ್ ಹೋಮ್ ಬದುಕುವುದು ಹನ್ನೆರಡೂವರೆಯಿಂದ ಎರಡೂವರೆಯ ಆ ಎರಡು ಗಂಟೆಯಲ್ಲಿ. ರೈಸ್ ಪ್ಲೇಟ್ ತಿನ್ನುವ ಗುಮಾಸ್ತ ಹದಿನೈದು ಇಪ್ಪತ್ತು ನಿಮಿಷಕ್ಕೆ ಏಳುತ್ತಾನೆ. ಅವನಿಗಿರುವ ರಜೆಯೇ ಅರ್ಧ ಗಂಟೆ. ಅವನು ಎದ್ದ ತಕ್ಷಣ ಹುಡುಗ ಟೇಬಲ್ ಒರೆಸಬೇಕು, ಇನ್ನೊಬ್ಬ ಕೂರಬೇಕು. ಅವನ ಎದುರಿಗೆ ಗುರುತಿಲ್ಲದವನೊಬ್ಬ ಕೂತಿರುತ್ತಾನೆ, ಅದು ಅಲ್ಲಿ ಮಾಮೂಲು. ಆ ಹೊತ್ತಿನಲ್ಲಿ ನಾಲ್ಕು ಟೇಬಲ್ ಮುಕ್ಕಾಲು ಗಂಟೆ ನಿಂತುಹೋದರೆ ನಷ್ಟ ಧಣಿಗೆ ಮಾತ್ರ ಅಲ್ಲ. ದಿನಾ ಬರುವ ಗಿರಾಕಿ ನಾಳೆ ಬೇರೆ ಕಡೆ ಹೋಗುತ್ತಾನೆ. ಫುಡ್ ವಾಕಿನವರು ವರ್ಷಕ್ಕೊಮ್ಮೆ ಬರುವವರು, ಅವನು ವರ್ಷವಿಡೀ ಬರುವವನು.

ಹಾಗಂತ ಫುಡ್ ವಾಕ್ ಬೇಡ ಅನ್ನುವವನು ನಾನಲ್ಲ. ಬೇಕೇ ಬೇಕು. ಫೋರ್ಟಿನ ಆಫೀಸುಗಳು ಒಂದೊಂದಾಗಿ ಮೊದಲು ನರೀಮನ್ ಪಾಯಿಂಟಿಗೆ, ಆಮೇಲೆ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿಗೆ ಹೋದವು. ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್ ಈಗ ಅಲ್ಲೇ ಇದೆ. ಮಧ್ಯಾಹ್ನದ ಗಿರಾಕಿ ಮೊದಲಿನಷ್ಟಿಲ್ಲ. ಎರಡೂವರೆ ಆದ ಮೇಲೆ ಟೇಬಲ್ ಖಾಲಿ ಹೊಡೆಯುತ್ತವೆ, ನಾಲ್ಕಕ್ಕೆ ಶಟರ್ ಎಳೆಯುತ್ತಾರೆ. ಈ ಮಧ್ಯದ ಹೊತ್ತು ಇದೆಯಲ್ಲ, ಅದು ಹೊಸಬರು ಬಂದು ಕೂರಲು ಹೇಳಿ ಮಾಡಿಸಿದ ಹೊತ್ತು. ಕಾವಲಿ ಇನ್ನೂ ಬಿಸಿ ಇರುತ್ತದೆ, ಅಡುಗೆಯವರಿಗೆ ಮಾತಾಡಲು ಪುರುಸೊತ್ತು ಇರುತ್ತದೆ. ಹೋಟೆಲಿಗೂ ನಾಲ್ಕು ಕಾಸು ಹೆಚ್ಚು ಬರುತ್ತದೆ.

ಇನ್ನೊಂದು ಕಾರಣ ಇದೆ, ನನಗೆ ಅದೇ ದೊಡ್ಡದು. ಮೂರು ಗಂಟೆಗೆ ಹೋಟೆಲಿನ ಹುಡುಗರು ಊಟಕ್ಕೆ ಕೂರುತ್ತಾರೆ.

ಅವರು ತಿನ್ನುವುದು ಮೆನು ಕಾರ್ಡಿನಲ್ಲಿ ಇರುವುದಿಲ್ಲ. ನಮ್ಮಲ್ಲಿ ಕುಚ್ಚಲಕ್ಕಿ ಗಂಜಿ, ಒಂದು ತುಂಡು ಉಪ್ಪಿನಕಾಯಿ, ಬಂಗುಡೆ ಮೀನಿನ ಹುಳಿ ಖಾರದ ಸಾರು ಪುಳಿಮುಂಚಿ. ಗಿರಾಕಿಗೆ ಗಸಿ ಮಾಡುತ್ತಾರೆ, ಅದಕ್ಕೆ ತೆಂಗಿನಕಾಯಿ ಬೇಕು. ಪುಳಿಮುಂಚಿಗೆ ತೆಂಗಿನಕಾಯಿ ಹಾಕುವುದೇ ಇಲ್ಲ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ನಾಲ್ಕು ಕುಮ್ಟೆ ಮೆಣಸು, ಕೊತ್ತಂಬರಿ, ಜೀರಿಗೆ, ಒಂದು ಚಿಟಿಕೆ ಮೆಂತ್ಯ. ಒಂದೊಂದನ್ನೂ ಬೇರೆ ಬೇರೆ ಹುರಿಯಬೇಕು, ಮೆಂತ್ಯ ಕಪ್ಪಾದರೆ ಇಡೀ ಸಾರು ಕಹಿ. ಬೆಳ್ಳುಳ್ಳಿ, ಹುಣಸೆ ಸೇರಿಸಿ ನುಣ್ಣಗೆ ಅರೆದು ಕುದಿಸಿ, ಕುದಿ ಬಂದ ಮೇಲೆ ಮೀನು ಬಿಡುವುದು. ಆಮೇಲೆ ಸೌಟು ಹಾಕಬಾರದು. ನಮ್ಮ ಹಳೆಯ ಅಡುಗೆಯವರು ಪಾತ್ರೆಯ ಎರಡೂ ಅಂಚನ್ನು ಬಟ್ಟೆಯಿಂದ ಹಿಡಿದು ನಿಧಾನ ಒಂದು ಸುತ್ತು ತಿರುಗಿಸುತ್ತಿದ್ದರು. ಸಾರು ಮೀನಿನ ಮೇಲೆ ಹರಿದು ಬರುತ್ತಿತ್ತು, ಒಂದು ಮೀನೂ ಒಡೆಯುತ್ತಿರಲಿಲ್ಲ. ಬೆಳಿಗ್ಗೆ ಹತ್ತಕ್ಕೇ ಮಾಡಿ ಮುಚ್ಚಿಟ್ಟರೆ ಮೂರು ಗಂಟೆಗೆ ಹುಳಿ ಮುಳ್ಳಿನವರೆಗೂ ಇಳಿದಿರುತ್ತದೆ. ಒಂದು ಗಂಟೆಗೆ ಬಂದವರಿಗೆ ಸುರ್ಮೈ ಸಿಗುತ್ತದೆ, ಇದು ಸಿಗುವುದಿಲ್ಲ. ನನ್ನ ಪ್ರಕಾರ ಈ ಬಂದರಿನ ನಿಜವಾದ ಊಟ ಇದು.

ಬಂದರು ಅಂದೆ. ಫುಡ್ ವಾಕಿನ ಹುಡುಗಿ ಬಂದರಿನ ಕಥೆ ಹೇಳಿದಳು, ನಮ್ಮ ಊಟದ ಬಗ್ಗೆಯೂ ಎರಡು ಮಾತು ಹೇಳಿದಳು. ಆದರೆ ಎರಡನ್ನೂ ಸೇರಿಸಲಿಲ್ಲ. ಸೇರಿಸುವುದು ಕಷ್ಟವೇನಲ್ಲ. ನಾನು ಬಸ್ಸಿನಲ್ಲಿ ಬಂದವನು. ನಮ್ಮ ಅಪ್ಪನ ತಲೆಮಾರಿನವರು ಹಡಗಿನಲ್ಲಿ ಬಂದವರು. ಮಂಗಳೂರಿನಲ್ಲಿ ಆಗ ದೊಡ್ಡ ಹಡಗು ದಡಕ್ಕೆ ಬರುತ್ತಿರಲಿಲ್ಲ. ಸಣ್ಣ ದೋಣಿಯಲ್ಲಿ ಹೋಗಿ ಹತ್ತಬೇಕಿತ್ತು. ತಲೆಯ ಮೇಲೆ ಅಕ್ಕಿ ಗಂಟು, ಒಳಗೆ ಒಂದು ಭರಣಿ ಉಪ್ಪಿನಕಾಯಿ. ಮಂಗಳೂರು ಹಂಚು ಬಂದದ್ದೂ ಅದೇ ದಾರಿಯಲ್ಲಿ, ಮಂಜಿಗಳಲ್ಲಿ, ಅಂದರೆ ಸರಕಿನ ಹಾಯಿ ದೋಣಿಗಳಲ್ಲಿ ಹೇರಿಕೊಂಡು. ಇಳಿದವರಲ್ಲಿ ಕೆಲವರು ಗೋದಿಗಳಲ್ಲಿ, ಅಂದರೆ ಹಡಗು ನಿಲ್ಲುವ ಡಾಕ್‌ಗಳಲ್ಲಿ ಮೂಟೆ ಹೊತ್ತರು, ನಮ್ಮ ಕಡೆಯ ಮೀನುಗಾರರಾದ ಮೊಗವೀರರು ಹಡಗು ಮತ್ತು ದೋಣಿಗಳಲ್ಲಿ ಸೇರಿದರು, ಉಳಿದವರು ಹೋಟೆಲು ಹಿಡಿದರು. ಹೋಟೆಲು ಹುಟ್ಟಿದ್ದೇ ಇವರ ಹೊಟ್ಟೆಗಾಗಿ. ಗುಮಾಸ್ತರು ಬಂದದ್ದು ಆಮೇಲೆ.

ಗೋದಿಗಳ ಪಕ್ಕದಲ್ಲೇ ಉದ್ದಕ್ಕೆ ಹೋಗುವ ರಸ್ತೆಗೆ ಪಿ. ಡಿಮೆಲ್ಲೊ ರೋಡ್ ಎಂದು ಹೆಸರು. ಟ್ಯಾಕ್ಸಿಯವರೆಲ್ಲ ಆ ಹೆಸರು ಹೇಳುತ್ತಾರೆ, ಯಾರೆಂದು ಗೊತ್ತಿರುವವರು ಕಡಿಮೆ. ಪ್ಲಾಸಿಡ್ ಡಿಮೆಲ್ಲೊ ನಮ್ಮ ದಕ್ಷಿಣ ಕನ್ನಡದವರು. ಇಲ್ಲಿ ಗೋದಿ ಕಾರ್ಮಿಕರನ್ನು ಒಟ್ಟುಗೂಡಿಸಿದ ನಾಯಕರು. ಅವರ ಕೈಕೆಳಗೆ ಕಲಿತವರು ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಕೈಯಲ್ಲಿ ಕಾಸಿಲ್ಲದೆ ಬಂದು ಚೌಪಾಟಿಯ ಮರಳಲ್ಲಿ ಮಲಗಿದವರು, ಹೋಟೆಲ್ ಹುಡುಗರ ಸಂಘ ಕಟ್ಟಿದವರು, 1967ರಲ್ಲಿ ಇದೇ ದಕ್ಷಿಣ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ದೊಡ್ಡ ನಾಯಕ ಎಸ್. ಕೆ. ಪಾಟೀಲರನ್ನು ಲೋಕಸಭಾ ಚುನಾವಣೆಯಲ್ಲಿ ಸೋಲಿಸಿದವರು. ವಾರದ ರಜೆ, ಕೆಲಸಕ್ಕೆ ಹೊತ್ತು ಗೊತ್ತು ಅನ್ನುವುದನ್ನು ಹೋಟೆಲ್ ಹುಡುಗರು ಕೇಳಲು ಕಲಿತದ್ದು ಇಂಥವರಿಂದ. ನಮ್ಮ ಗುಂಪು ಆ ರಸ್ತೆಯ ಹತ್ತಿರವೇ ನಡೆಯಿತು. ಬೋರ್ಡಿನ ಕಡೆ ಯಾರೂ ಕೈ ತೋರಿಸಲಿಲ್ಲ.

ರಾತ್ರಿ ಶಾಲೆಗಳ ಬಗ್ಗೆಯೂ ಹೇಳಬೇಕು. ಫೋರ್ಟಿನಲ್ಲಿ ಕನ್ನಡ ರಾತ್ರಿ ಶಾಲೆಗಳಿದ್ದವು. ಹಗಲು ಲೋಟ ತೊಳೆದ ಹುಡುಗ ಸಂಜೆ ಕೈಕಾಲು ತೊಳೆದು ಅಲ್ಲಿ ಕೂರುತ್ತಿದ್ದ. ನಾನೂ ಕೂತೆ. ಪಾಠ ಹೇಳುವವರಲ್ಲಿ ಬ್ಯಾಂಕಿನ ಗುಮಾಸ್ತರಿದ್ದರು. ಮಧ್ಯಾಹ್ನ ಅವರಿಗೆ ನಾನು ಊಟ ಬಡಿಸಿರುತ್ತಿದ್ದೆ, ಸಂಜೆ ಅವರು ನನಗೆ ಬೀಜಗಣಿತ ಹೇಳುತ್ತಿದ್ದರು. ಶಾಲೆ ಬಿಟ್ಟ ಮೇಲೆ ಹೋಟೆಲಿಗೆ ಬಂದು, ಟೇಬಲ್ ಜೋಡಿಸಿ ಅದರ ಮೇಲೆ ಹಾಸಿ ಮಲಗುವುದು. ಹೀಗೆ ಮೆಟ್ರಿಕ್ ಮಾಡಿದವರು, ಮುಂದೆ ಕಾಲೇಜಿಗೆ ಹೋದವರು, ವಕೀಲರಾದವರು, ಸ್ವಂತ ಹೋಟೆಲ್ ಇಟ್ಟವರು ನನ್ನ ಕಣ್ಣೆದುರೇ ಇದ್ದಾರೆ. ಇರಾನಿ ಕೆಫೆಯ ಕುರ್ಚಿ ಎಲ್ಲಿಂದ ಬಂತೆಂದು ಹೇಳುವ ವಾಕಿನಲ್ಲಿ ಇದಕ್ಕೂ ಐದು ನಿಮಿಷ ಸಿಗಬೇಕು, ಅಲ್ವಾ?

ಮೀನಿನ ಬಗ್ಗೆ ಒಂದು ಮಾತು. ನಾವು ಹೋದದ್ದು ಜುಲೈಯಲ್ಲಿ. "ಇವತ್ತು ಬೆಳಿಗ್ಗೆ ಧಕ್ಕೆಯಿಂದ ಬಂದ ತಾಜಾ ಮೀನು" ಎಂದು ನಮಗೆ ಹೇಳಿದರು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ. ಆಗ ಹೋಟೆಲುಗಳಿಗೆ ಬರುವ ಸುರ್ಮೈ ಹೆಚ್ಚಿನದು ಐಸಿನದು, ಇಲ್ಲವೇ ಬೇರೆ ಕಡೆಯಿಂದ ಬಂದದ್ದು. ಅದರಲ್ಲಿ ತಪ್ಪೇನಿಲ್ಲ, ಹಾಗೆಂದು ಹೇಳಿಬಿಟ್ಟರಾಯಿತು. ಮಳೆಗಾಲದಲ್ಲಿ ಫೋರ್ಟಿಗೆ ಬಂದವರಿಗೆ ಒಣಮೀನಿನ ಚಟ್ನಿ ತಿನ್ನಿಸಿ, ಕಾಯಿ ಹಾಕಿದ ಒಣ ಬೊಂಬಿಲ್ ಮೀನು ತಿನ್ನಿಸಿ. ಮುಂಬಯಿಯ ಮೂಲ ಮೀನುಗಾರರಾದ ಕೋಳಿ ಜನಾಂಗದವರ ಮನೆಯಲ್ಲೂ ನಮ್ಮ ಮನೆಯಲ್ಲೂ ಆ ಎರಡು ತಿಂಗಳು ಅದೇ ಊಟ.

ತಾಜಾ ಮೀನು ತೋರಿಸಬೇಕೆಂದರೆ ಬೇರೆ ತಿಂಗಳಲ್ಲಿ, ಬೆಳಕು ಹರಿಯುವ ಮೊದಲು ದೋಣಿಗಳಿಂದ ಮೀನು ಇಳಿಸುವ ಭಾವುಚಾ ಧಕ್ಕಾಕ್ಕೆ ಕರೆದುಕೊಂಡು ಹೋಗಿ. ಧಣಿಗಳ ಜೊತೆ ಮೀನಿಗೆ ಹೋಗುವುದು ಬಹಳ ವರ್ಷ ನನ್ನ ಕೆಲಸವಾಗಿತ್ತು. ಬಂಗುಡೆಯನ್ನು ತಲೆ ಹಿಡಿದು ಅಡ್ಡಕ್ಕೆ ಎತ್ತಬೇಕು. ಬಾಲ ಜೋತು ಬೀಳದೆ ನೆಟ್ಟಗೆ ನಿಂತರೆ ಆ ರಾತ್ರಿಯದು. ಕಿವಿರು ಎತ್ತಿದರೆ ಕೆಂಪಾಗಿರಬೇಕು, ಕಂದು ಬಣ್ಣ ಕಂಡರೆ ಮುಂದೆ ಹೋಗಬೇಕು. ಬುಟ್ಟಿಯ ಎದುರು ಕೂತ ಕೋಳಿ ಹೆಂಗಸರನ್ನು ನಾವು ಮಾವ್ಶಿ (ಮರಾಠಿಯಲ್ಲಿ ಚಿಕ್ಕಮ್ಮ) ಅನ್ನುತ್ತಿದ್ದೆವು. ಚೌಕಾಸಿಯಲ್ಲಿ ಅವರ ಎದುರು ನಿಲ್ಲುವುದು ಸುಮ್ನೆ ಅಲ್ಲ. ಆದರೆ ಒಂದು ಸಲ ಮಾತು ಕೊಟ್ಟರೆ ಮಾರನೇ ದಿನ ನಮಗೆಂದು ಬುಟ್ಟಿ ತೆಗೆದಿಟ್ಟಿರುತ್ತಿದ್ದರು. ನನ್ನ ಮರಾಠಿ ಅವರು ಕಲಿಸಿದ್ದು. ಈ ಊರಿನಲ್ಲಿ ಮೊದಲಿನಿಂದ ಇದ್ದವರು ಕೋಳಿಗಳು. ಕೋಟೆ ಕಟ್ಟುವ ಮೊದಲು, ಪೋರ್ಚುಗೀಸರೂ ಇಂಗ್ಲಿಷರೂ ಬರುವ ಮೊದಲು ಇಲ್ಲಿ ಬಲೆ ಬೀಸಿದವರು. ಅವರ ಹೆಸರೆತ್ತದೆ ಮುಂಬಯಿಯಲ್ಲಿ ಮೀನು ಬಡಿಸುವುದು ನನಗೆ ಸರಿ ಕಾಣುವುದಿಲ್ಲ.

ಈಗ ನಮ್ಮ ಕನ್ನಡ ಸಂಘಗಳವರಲ್ಲಿ ಕೇಳುವ ಮಾತು. ಮುಂಬಯಿಯಲ್ಲಿ ನಮ್ಮ ಸಂಘಗಳಿಗೆ ಬರವಿಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದು, ಬಂಟರ ಸಂಘ 1927ರದು, ಬಿಲ್ಲವರ ಅಸೋಸಿಯೇಶನ್ 1932ರದು. ನಾಟಕ, ಯಕ್ಷಗಾನ, ಸನ್ಮಾನ, ವಿದ್ಯಾರ್ಥಿವೇತನ ಎಲ್ಲ ಚೆನ್ನಾಗಿ ನಡೆಯುತ್ತವೆ. ಫೋರ್ಟಿನಲ್ಲಿ ಒಂದು ನಡಿಗೆಯನ್ನೂ ಶುರು ಮಾಡಿ. ಬೇರೆಯವರು ನಮ್ಮ ಬಗ್ಗೆ ಎರಡೇ ಮಾತು ಹೇಳಿದರೆಂದು ಬೇಸರ ಮಾಡಿಕೊಂಡು ಫಲವಿಲ್ಲ. ಆ ಹುಡುಗಿಗೆ ನಮ್ಮ ಕಥೆ ಹೇಳಿದವರು ಯಾರಿದ್ದಾರೆ? ಎಲ್ಲಿ ಬರೆದಿಟ್ಟಿದ್ದೇವೆ? ಅವಳಿಗೆ ನಾನು ಕೊನೆಯಲ್ಲಿ ಡಿಮೆಲ್ಲೊ ವಿಷಯ ಹೇಳಿದಾಗ ಚೀಲದಿಂದ ಪುಸ್ತಕ ತೆಗೆದು ಬರೆದುಕೊಂಡಳು. ರಾತ್ರಿ ಶಾಲೆ ಎಲ್ಲಿತ್ತು, ತೋರಿಸುತ್ತೀರಾ ಎಂದು ಕೇಳಿದಳು.

ದಾರಿ ನಾನೇ ಹೇಳುತ್ತೇನೆ. ಮಧ್ಯಾಹ್ನ ಒಂದೂವರೆಗೆ ಬಲ್ಲಾರ್ಡ್ ಪಿಯರ್ ಹತ್ತಿರ ಸೇರಬೇಕು. ಅಲ್ಲಿ ಒಂದು ಕಾಲದಲ್ಲಿ ರೈಲ್ವೆ ಸ್ಟೇಶನ್ನೇ ಇತ್ತು, ವಿಲಾಯತಿಯ ಹಡಗಿನಿಂದ ಇಳಿದವರು ಅಲ್ಲೇ ಫ್ರಾಂಟಿಯರ್ ಮೇಲ್ ರೈಲು ಹತ್ತುತ್ತಿದ್ದರು. ಅದನ್ನೂ ಹೇಳಿ, ನಮ್ಮವರು ಅಕ್ಕಿ ಗಂಟು ಹೊತ್ತು ಇಳಿದದ್ದನ್ನೂ ಹೇಳಿ. ಅಲ್ಲಿಂದ ಡಿಮೆಲ್ಲೊ ರೋಡ್ ಹಿಡಿದು ಜಿಪಿಒ, ಅಂದರೆ ದೊಡ್ಡ ಅಂಚೆ ಕಚೇರಿ. 1913ರ ಕಟ್ಟಡ, ಜಾನ್ ಬೆಗ್ ರೂಪಿಸಿದ್ದು. ಅದರ ಗುಮ್ಮಟ ನೋಡಿದರೆ ಕನ್ನಡದವರಿಗೆ ಹೇಳಿಕೊಡಬೇಕಿಲ್ಲ, ವಿಜಯಪುರದ ಗೋಲಗುಮ್ಮಟದ ಮಾದರಿ. ಅಲ್ಲಿಂದ ರಸ್ತೆ ದಾಟಿ ಬೋರಾ ಬಜಾರ್ ಗಲ್ಲಿಗೆ ನುಗ್ಗಿದರೆ ಹಳೆಯ ಖಾನಾವಳಿಗಳ ಜಾಗ, ಹುಡುಗರು ಬಾಡಿಗೆಗಿದ್ದ ಕೋಣೆಗಳು, ಶಾಲೆ ನಡೆದ ಕಟ್ಟಡಗಳು. ದಾರಿಯಲ್ಲಿ ಒಂದು ಇರಾನಿ ಚಹಾ ಖಂಡಿತ ಆಗಬೇಕು, ಅವರೂ ನಮ್ಮ ಹಾಗೆ ದೂರದಿಂದ ಬಂದು ಗಲ್ಲೆಯಲ್ಲಿ ಕೂತವರು. ಎರಡೂಮುಕ್ಕಾಲಿಗೆ ಲಂಚ್ ಹೋಮ್.

ಅಲ್ಲಿ ಒಂದು ಪ್ಲೇಟನ್ನು ಐವರು ಹಂಚಿಕೊಳ್ಳುವುದು ಬೇಡ. ಇಬ್ಬರಿಗೊಂದಾದರೂ ತೆಗೆದುಕೊಳ್ಳಿ. ಫೋಟೋ ತೆಗೆಯುವ ಮೊದಲು ಕೇಳಿ, ಊಟ ಮಾಡುತ್ತಿರುವವರ ಮುಖಕ್ಕೆ ಮೊಬೈಲ್ ಹಿಡಿಯಬೇಡಿ. ಕಾವಲಿಯ ಮುಂದೆ ನಿಂತವರನ್ನು, ಮೋರಿಯಲ್ಲಿ ಪಾತ್ರೆ ತೊಳೆಯುವ ಹುಡುಗನನ್ನು ಅವರ ಊರು ಯಾವುದೆಂದು ಕೇಳಿ. ಈಗ ಎಲ್ಲರೂ ನಮ್ಮ ಕಡೆಯವರಲ್ಲ. ಉತ್ತರ ಪ್ರದೇಶ, ಒಡಿಶಾ, ನೇಪಾಳದ ಹುಡುಗರು ನೀರು ದೋಸೆ ಹುಯ್ಯುತ್ತಾರೆ, ಅಚ್ಚುಕಟ್ಟಾಗಿ ಹುಯ್ಯುತ್ತಾರೆ. ಅವರ ಕಥೆಯೂ ಈ ಬಂದರಿನ ಕಥೆಯೇ. ಟಿಕೆಟ್ ದುಡ್ಡಿನಲ್ಲಿ ಒಂದು ಪಾಲು ಅವರ ಕೈಗೆ ಹೋಗಲಿ, ಟಿಪ್ಸ್ ಡಬ್ಬಿಗೆ ಹಾಕಿ ಕೈ ತೊಳೆದುಕೊಳ್ಳುವುದು ಬೇಡ.

ನಡೆಸುವವರು ಯಾರು ಎಂಬ ಪ್ರಶ್ನೆ ಬರುತ್ತದೆ. ಕೆಲಸ ಬಿಟ್ಟ ಹೋಟೆಲಿನವರು ಡೊಂಬಿವಲಿ, ಮೀರಾ ರೋಡ್, ಭಾಯಂದರ್‌ನಲ್ಲಿ ಬೇಕಾದಷ್ಟು ಜನ ಇದ್ದೇವೆ. ಹೊತ್ತು ಹೋಗುವುದಿಲ್ಲ ಎಂದು ಸ್ಟೇಶನ್ ಪಕ್ಕ ಬೆಂಚಿನಲ್ಲಿ ಕೂರುವವರು. ಮಾತಾಡಲು ಹೇಳಿದರೆ ಎರಡು ಗಂಟೆ ನಿಲ್ಲಿಸದೆ ಮಾತಾಡುತ್ತಾರೆ. ಮುಂಬಯಿ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗ ಇದೆ, ಅಲ್ಲಿನ ಮಕ್ಕಳು ಒಬ್ಬೊಬ್ಬ ಹಿರಿಯರ ಜೊತೆ ಒಬ್ಬೊಬ್ಬರು ಬಂದರೆ ಹಿಂದಿ, ಮರಾಠಿ, ಇಂಗ್ಲಿಷಿನಲ್ಲಿ ಹೇಳುವ ಕೆಲಸ ಅವರದಾಗುತ್ತದೆ, ರೆಕಾರ್ಡ್ ಮಾಡಿಯೂ ಇಡಬಹುದು. ಬೇಗ ಆಗಬೇಕು. ನಮ್ಮ ಪುಳಿಮುಂಚಿ ಮಾಡುತ್ತಿದ್ದ ಅಡುಗೆಯವರು ಈಗಿಲ್ಲ. ಅವರು ಯಾವ ವರ್ಷ ಯಾವ ಹಡಗಿನಲ್ಲಿ ಬಂದರು ಎಂದು ನಾವ್ಯಾರೂ ಕೇಳಿರಲಿಲ್ಲ.

ಭಾನುವಾರ ಇಡಬೇಡಿ, ಫೋರ್ಟ್ ಬಿಕೋ ಅನ್ನುತ್ತದೆ, ಖಾನಾವಳಿಗಳಲ್ಲಿ ಬಹಳಷ್ಟು ಮುಚ್ಚಿರುತ್ತವೆ. ಶನಿವಾರ ಒಳ್ಳೆಯದು. ಸಂಘದವರು ಯಾರಾದರೂ ಮುಂದೆ ಬಂದರೆ ಮೊದಲ ನಡಿಗೆಗಳಿಗೆ ನಾನು ಬರುತ್ತೇನೆ, ದುಡ್ಡು ಬೇಡ. ನನ್ನ ವಿಳಾಸ ನಿಮ್ಮ ಕಚೇರಿಯಲ್ಲಿದೆ, ಕೇಳಿದವರಿಗೆ ಕೊಡಿ. ಆ ಹುಡುಗಿಯನ್ನೂ ಕರೆಯಬೇಕೆಂದಿದ್ದೇನೆ. ಕೋಳಿಗಳು ನಾರಳಿ ಪೂರ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸಿ ದೋಣಿ ಇಳಿಸುತ್ತಾರೆ. ಅದು ಕಳೆದು ಒಂದೆರಡು ವಾರದಲ್ಲಿ ಒಳ್ಳೆಯ ಬಂಗುಡೆ ಬರಲು ಶುರುವಾಗುತ್ತದೆ, ಆಗಲೇ ಇಟ್ಟುಕೊಳ್ಳೋಣ.

ಇತಿ ತಮ್ಮ ಓದುಗ,
ಫೋರ್ಟಿನ ಲಂಚ್ ಹೋಮೊಂದರ ನಿವೃತ್ತ ಮ್ಯಾನೇಜರ್,
ಡೊಂಬಿವಲಿ ಪೂರ್ವ